ನೂರು ಎಳೆಗೆ ಒಂದು ಬೈಗುಳ

“ನಿನ್ನ ಗಂಡ ಮಗ್ಗದ ಕುಣಿಯಾಗ ಇಳದಾಂವ ನಿನ್ನ ಬಾಯಿಗಿ ಅಂಜಿ ಉಣ್ಣಾಕೂ ಮ್ಯಾಲ ಬರತಿರಲಿಲ್ಲ. ನೀ ನನಗ ಬುದ್ಧಿ ಹೇಳ್ತಿ?”

“ನಾ ಹೇಳದ ಮತ್ಯಾರು ಹೇಳಬೇಕು? ಹಲ್ಲಿಲ್ಲದ ಬಾಚಣಿಕಿ ನೀನು. ಸಿಕ್ಕೂ ಬಿಡಸಂಗಿಲ್ಲ, ಹೇನೂ ತಗಿಯಂಗಿಲ್ಲ.”

“ಬಾಯಿ ಮುಚ್ಚ ರಾಚಿ. ಇಲ್ಲಂದ್ರ ಈ ಬೂದಿ ತಗೊಂಡು...”

ಅಲ್ಲಿಗೆ ಧ್ವನಿ ನಿಂತಿತು. ಕೆಂಪು ದೀಪ ಹತ್ತಿದಾಗ ಹತ್ತು ಸೆಕೆಂಡು ಕೇಳಬಹುದು, ಅದಕ್ಕಿಂತ ಹೆಚ್ಚು ಕೇಳಬಾರದು ಎಂಬುದು ಕೇಂದ್ರದ ನಿಯಮ. ನನಗೆ ಹತ್ತು ಸೆಕೆಂಡೂ ಬೇಕಿರಲಿಲ್ಲ. ಮೊದಲ ಧ್ವನಿ ನನ್ನ ಅತ್ತೆ ನೀಲಗಂಗವ್ವನದು. ಎರಡನೆಯದು ಅವರ ಜೊತೆ ಕೆಲಸ ಮಾಡುವ ರಾಚವ್ವನದು. ಪರದೆಯ ಮೇಲೆ ಅತ್ತೆಯ ರಕ್ತದೊತ್ತಡ ನೂರಾ ಎಪ್ಪತ್ತೊಂದು ಎಂದು ಮಿನುಗುತ್ತಿತ್ತು. ಅದರ ಕೆಳಗೆ ಯಂತ್ರ ತನ್ನ ತೀರ್ಮಾನ ಬರೆದಿತ್ತು: ‘ಕಲಹದ ಸಂಗ. ತೊಂಬತ್ತು ದಿನ ದೂರ ಇರಿಸಿ.’

ಕೆಳಗೆ ಎರಡು ಗುಂಡಿಗಳು. ಒಪ್ಪಿಗೆ, ತಡೆ. ನಾನು ಒಪ್ಪಿಗೆ ಒತ್ತಿದೆ. ಯೋಚನೆ ಮಾಡಲಿಲ್ಲ. ಮೂವತ್ತು ವರ್ಷ ಪ್ರತಿದಿನ ಸಂಜೆ ಮನೆಗೆ ಬಂದು ‘ಆ ರಾಚಿ ಮಾರಿ ಇನ್ನ ನೋಡಂಗಿಲ್ಲ’ ಎಂದು ಚಪ್ಪಲಿ ಬಿಡುತ್ತಿದ್ದ ಅತ್ತೆಯನ್ನು ನೋಡಿದವಳು ನಾನು. ಮರುದಿನ ಬೆಳಿಗ್ಗೆ ಆರಕ್ಕೆ ಅವರು ಅದೇ ರಾಚವ್ವನ ಮನೆಗೇ ಹೋಗುತ್ತಿದ್ದರು. ಅದು ಯಾಕೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಕಮತಬಾವಿ ನೇಕಾರರ ಊರು. ತಾಲೂಕು ಆಸ್ಪತ್ರೆಯ ಮಹಡಿಯ ಮೇಲೆ ನಮ್ಮ ನೆನಪು ಕಾವಲು ಕೇಂದ್ರ ಇದೆ. ಅರವತ್ತೈದು ದಾಟಿದವರ ಎಡಗಿವಿಯ ಹಿಂದೆ ಹುರುಳಿಕಾಳಿನಷ್ಟು ದೊಡ್ಡದೊಂದು ಬೊಟ್ಟು ಅಂಟಿಸುತ್ತೇವೆ. ಸರ್ಕಾರ ಅದಕ್ಕೆ ಇಟ್ಟ ಹೆಸರು ಉದ್ದವಿದೆ, ಊರವರು ಕಿವಿಬೊಟ್ಟು ಅನ್ನುತ್ತಾರೆ. ನಾಡಿ, ರಕ್ತದೊತ್ತಡ, ನಿದ್ದೆ, ನಡಿಗೆ, ಬೆವರಿನಲ್ಲಿರುವ ಸಕ್ಕರೆ ಇಷ್ಟನ್ನೂ ಅದು ಅಳೆಯುತ್ತದೆ. ಮಾತನಾಡುವಾಗ ಪದಕ್ಕೂ ಪದಕ್ಕೂ ನಡುವೆ ಎಷ್ಟು ತಡಕಾಟ, ನಡೆಯುವಾಗ ಹೆಜ್ಜೆಗೂ ಹೆಜ್ಜೆಗೂ ನಡುವೆ ಎಷ್ಟು ತೊಡರು ಎಂದು ಲೆಕ್ಕ ಹಾಕುತ್ತದೆ. ಎಲ್ಲವನ್ನೂ ಕೂಡಿಸಿ ಯಂತ್ರ ಒಂದು ಗೆರೆ ಎಳೆಯುತ್ತದೆ. ನೆನಪಿನ ಗೆರೆ. ನೂರರಲ್ಲಿ ಎಪ್ಪತ್ತರ ಮೇಲಿದ್ದರೆ ಚಿಂತೆಯಿಲ್ಲ. ಐವತ್ತಕ್ಕೆ ಇಳಿದರೆ ಮಕ್ಕಳ ಹೆಸರು ತಪ್ಪುತ್ತದೆ. ಮೂವತ್ತಕ್ಕೆ ಇಳಿದರೆ ಬಚ್ಚಲು ಯಾವುದು, ಅಡುಗೆಮನೆ ಯಾವುದು ತಿಳಿಯುವುದಿಲ್ಲ. ಮೂವತ್ತಕ್ಕೆ ಇಳಿದ ಗೆರೆ ಮೇಲೆ ಬಂದದ್ದನ್ನು ನಾನು ನೋಡಿಲ್ಲ.

ಬೊಟ್ಟನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಬೊಟ್ಟು ಬಂದ ಮೇಲೆ ಊರಿಗೆ ಒಳ್ಳೆಯದಾಗಿದೆ. ದರ್ಜಿ ಮೌನೇಶಪ್ಪನಿಗೆ ಅರಳು ಮರಳು ಎಂದು ಮನೆಯವರೆಲ್ಲ ಕೈಬಿಟ್ಟಿದ್ದರು. ಬೊಟ್ಟು ನೋಡಿ ಹೇಳಿತು, ಆತನಿಗೆ ಕಿವಿ ಕೇಳುವುದಿಲ್ಲ ಅಷ್ಟೇ ಎಂದು. ಕಿವಿಗೆ ಯಂತ್ರ ಹಾಕಿದೆವು, ಆರು ತಿಂಗಳಲ್ಲಿ ಗೆರೆ ಹನ್ನೆರಡು ಮೇಲೇರಿತು, ಈಗ ಆತ ಎಲ್ಲರ ಅಳತೆಯನ್ನೂ ಬಾಯಲ್ಲೇ ಹೇಳುತ್ತಾನೆ. ಉಪ್ಪು ಕಡಿಮೆ ಮಾಡಿಸಿದ್ದೇವೆ. ಕೆರೆ ಏರಿಯ ಮೇಲೆ ಮುದುಕರನ್ನು ನಡೆಸಿದ್ದೇವೆ. ತಂಬಾಕು ಬಿಡಿಸಿದ್ದೇವೆ, ಎಲ್ಲರಿಂದ ಅಲ್ಲ. ಹೋದ ಯುಗಾದಿಯಿಂದ ಹೊಸ ಬೊಟ್ಟು ಬಂತು. ಅದು ಧ್ವನಿಯಲ್ಲಿರುವ ಸಿಟ್ಟನ್ನೂ ಗುರುತಿಸುತ್ತದೆ. ಸಿಟ್ಟು ರಕ್ತದೊತ್ತಡ ಏರಿಸುತ್ತದೆ, ರಕ್ತದೊತ್ತಡ ಮಿದುಳಿನ ಸಣ್ಣ ನರಗಳನ್ನು ಕೆಡಿಸುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ನಾನು ಡ್ಯೂಟಿ ಬಿಟ್ಟು ನೇರ ರಾಚವ್ವನ ಮನೆಗೆ ಹೋದೆ. ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕೂತು ಹಾಸು ಕೆಚ್ಚುತ್ತಿದ್ದರು. ನೇಯ್ದು ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಸೇರಿಸುವ ಕೆಲಸ ಅದು. ಅತ್ತೆ ಎಳೆ ಹೆಕ್ಕಿ ಕೊಡುತ್ತಾರೆ, ರಾಚವ್ವ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡೂ ತುದಿ ಕೂಡಿಸಿ ಹೊಸೆಯುತ್ತಾಳೆ. ಒಂದು ಸೀರೆಯ ಹಾಸಿನಲ್ಲಿ ಮೂರು ಸಾವಿರದ ಆರುನೂರು ಎಳೆ. ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ.

“ಏಳ್ರಿ ಅತ್ತೀ. ಇವತ್ತಿಗೆ ಮುಗೀತು ಈ ಕೆಲಸ.”

ಅತ್ತೆ ತಲೆ ಎತ್ತಲಿಲ್ಲ. “ಯಾರು ಸತ್ರು?”

“ಯಾರೂ ಸತ್ತಿಲ್ಲ. ನೀವು ಸಾಯಬಾರದಂತ ಬಂದೀನಿ. ಬಿ.ಪಿ. ನೂರಾ ಎಪ್ಪತ್ತೊಂದು ಆಗೇತಿ. ಈ ಮುದುಕಿ ಸಂಗಾಟ ಜಗಳಾಡಿ ಜಗಳಾಡಿ ಏನ್ ಮಾಡ್ಕೊಳ್ಳಾಕತ್ತೀರಿ ಗೊತ್ತೈತೇನು?”

ರಾಚವ್ವ ನಕ್ಕಳು. “ಜಗಳ? ನಾವು? ಯಾವಾಗ?”

“ದೊಡ್ಡವ್ವಾ, ನೀ ನಡಕ ಬರಬ್ಯಾಡ. ನಾ ಕಿವಿಯಾರೆ ಕೇಳೀನಿ.”

“ಹಾಸು ಅರ್ಧಕ್ಕ ನಿಂತೈತಿ ಕಮಲೀ,” ಎಂದರು ಅತ್ತೆ. “ಎರಡು ಸಾವಿರದ ಮುನ್ನೂರು ಆಗ್ಯಾವು. ಇದನ್ನ ಮುಗಿಸಿ...”

ನನಗೆ ಸಿಟ್ಟು ಬಂದರೆ ನಾಲಗೆ ನನ್ನ ಮಾತು ಕೇಳುವುದಿಲ್ಲ. “ಲಕ್ವ ಹೊಡದು ಬಿದ್ರ ಹೇಲು ಉಚ್ಚಿ ಬಳ್ಯಾಕಿ ನಾನು,” ಅಂದೆ. “ಈ ರಾಚವ್ವ ಬರಂಗಿಲ್ಲ ಬಳ್ಯಾಕ.”

ಅತ್ತೆ ಎಳೆ ಕೆಳಗಿಟ್ಟರು. ಕೈಯನ್ನು ಸೆರಗಿಗೆ ಒರೆಸಿಕೊಂಡರು. ಎದ್ದು ನನ್ನ ಹಿಂದೆ ಬಂದರು. ಮದುವೆಯಾಗಿ ಬಂದಾಗಿನಿಂದ ನಾನು ಅವರನ್ನು ಮಾತಿನಲ್ಲಿ ಗೆದ್ದದ್ದು ಅದೇ ಮೊದಲು. ಖುಷಿಯಾಗಿತ್ತು ಎಂದು ಹೇಳಲು ನಾಚಿಕೆ, ಆದರೆ ಆಗಿತ್ತು.

ಯಂತ್ರ ಬರೆದುಕೊಟ್ಟದ್ದನ್ನೆಲ್ಲ ಮಾಡಿದೆ. ಬೆಳಿಗ್ಗೆ ನಲವತ್ತು ನಿಮಿಷ ಕೆರೆ ಏರಿಯ ಮೇಲೆ ನಡಿಗೆ. ಜೋಳದ ರೊಟ್ಟಿ, ರಾಜಗಿರಿ ಸೊಪ್ಪು, ಮೊಸರು, ಒಂದು ಹಿಡಿ ಶೇಂಗಾ. ಉಪ್ಪಿನಕಾಯಿ ಬಂದ್. ಮಧ್ಯಾಹ್ನ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಜೋಡಿಸುವ ಆಟ. ಸಂಜೆ ಅದೇ ಟ್ಯಾಬ್ಲೆಟ್ಟಿನೊಳಗಿನ ‘ಗೆಳತಿ’ ಅರ್ಧ ತಾಸು ಮಾತನಾಡಿಸುತ್ತಿದ್ದಳು. ಜೇನಿನಂಥ ಧ್ವನಿ. ಏನು ಹೇಳಿದರೂ ‘ನೀವು ಹೇಳುವುದು ಸರಿ’ ಅನ್ನುತ್ತಿದ್ದಳು.

“ಇವತ್ತು ನಿಮಗೆ ಹೇಗನಿಸುತ್ತಿದೆ ಅಮ್ಮಾ?”

“ಹೂಂ.”

“ತುಂಬಾ ಸಂತೋಷ. ನಿಮ್ಮ ಬಾಲ್ಯದ ಬಗ್ಗೆ ಹೇಳುತ್ತೀರಾ?”

“ಹೂಂ.”

ನನ್ನ ಗಂಡ ಶೇಖಪ್ಪ ಪವರ್‌ಲೂಮ್ ರಿಪೇರಿ ಮಾಡುವವನು. ಅವನಿಗೆ ಮಗ್ಗ ಕೆಟ್ಟರೆ ತಿಳಿಯುತ್ತದೆ, ಮನುಷ್ಯರು ಕೆಟ್ಟರೆ ತಡವಾಗಿ ತಿಳಿಯುತ್ತದೆ. ಆದರೂ ಎರಡು ವಾರಕ್ಕೆ ಅವನೇ ಕೇಳಿದ, “ಅವ್ವ ಯಾಕ ಇಷ್ಟು ಸುಮ್ಮನದಾಳ?”

“ಆರಾಮ ಅದಾರ. ಬಿ.ಪಿ. ನೂರಾ ಇಪ್ಪತ್ತೆಂಟು. ನಿದ್ದಿ ಏಳು ತಾಸು. ಇನ್ನೇನು ಬೇಕು ನಿಮಗ?”

ಅವನು ಇನ್ನೇನೂ ಕೇಳಲಿಲ್ಲ. ನನಗೆ ಉತ್ತರ ಕೊಡುವವರು ಮನೆಯಲ್ಲಿ ಒಬ್ಬರೇ ಇದ್ದರು, ಅವರ ಬಾಯನ್ನು ನಾನೇ ಮುಚ್ಚಿಸಿದ್ದೆ.

ಒಂದು ದಿನ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತೆ. ಬೇರೆ ದಿನವಾದರೆ ಅತ್ತೆ ‘ಎಮ್ಮಿಗೆ ಮುರು ಕಲಸೀಯೇನು?’ ಎಂದು ತಟ್ಟೆ ಸರಿಸುತ್ತಿದ್ದರು. ಅಂದು ಪೂರ್ತಿ ಉಂಡು ಕೈ ತೊಳೆದು, “ಚಲೋ ಆಗಿತ್ತವಾ” ಎಂದರು. ಅತ್ತೆ ನನ್ನ ಅಡುಗೆಯನ್ನು ಹೊಗಳಿದ್ದು ಅದೇ ಮೊದಲು.

ಮರುದಿನ ರೊಟ್ಟಿ ಬಡಿದು ಬುಟ್ಟಿಗೆ ಹಾಕುತ್ತಿದ್ದೆ. ಎಣಿಸಿ ಹೇಳ್ರಿ ಅಂದೆ. ಒಂದು, ಎರಡು, ಮೂರು ಎಂದರು. ಆರಕ್ಕೆ ನಿಂತರು. ಮತ್ತೆ ಮೊದಲಿನಿಂದ ಎಣಿಸಿದರು. ಮತ್ತೆ ಆರಕ್ಕೆ ನಿಂತು ನನ್ನ ಮುಖ ನೋಡಿದರು. “ಮುಂದಿಂದು ನೀವ ಹೇಳ್ರಿ,” ಎಂದರು. ನನಗೆ, ಬಹುವಚನದಲ್ಲಿ. ಮೂರು ಸಾವಿರದ ಆರುನೂರು ಎಳೆಯನ್ನು ಎರಡೂವರೆ ದಿನ ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಹೆಂಗಸು ಒಂಬತ್ತು ರೊಟ್ಟಿ ಎಣಿಸಲಾರದೆ ಸೊಸೆಯನ್ನು ‘ನೀವು’ ಎಂದು ಕರೆದಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಿಕಾಯಿತು.

ಕೇಂದ್ರಕ್ಕೆ ಹೋಗಿ ಗೆರೆ ತೆಗೆದೆ. ದಿನವೂ ಒತ್ತಡ, ನಿದ್ದೆ ನೋಡುತ್ತಿದ್ದೆ, ಗೆರೆಯನ್ನು ತೊಂಬತ್ತು ದಿನ ಮುಗಿದ ಮೇಲೆ ನೋಡಿದರಾಯಿತು ಎಂದು ಬಿಟ್ಟಿದ್ದೆ. ಎಪ್ಪತ್ತನಾಲ್ಕು ಇದ್ದದ್ದು ಐವತ್ತೆಂಟಕ್ಕೆ ಬಂದಿತ್ತು. ಐದೂವರೆ ವಾರದಲ್ಲಿ.

ಡಾಕ್ಟರ್ ಶಿರೀನ್ ವಾರಕ್ಕೆರಡು ದಿನ ಬರುತ್ತಾರೆ. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ನನ್ನ ಸಿಟ್ಟಿಗೆ ಹೆದರದ ಒಬ್ಬರೇ ಅಧಿಕಾರಿ.

“ಬೊಟ್ಟು ಕೆಟ್ಟೈತೇನು ಮೇಡಂ?” ಎಂದು ಕೇಳಿದೆ. ಕೆಟ್ಟಿರಲಿ ಎಂದು ಒಳಗೊಳಗೇ ಹರಕೆ ಹೊತ್ತಿದ್ದೆ.

ಅವರು ಬೊಟ್ಟು ಬದಲಿಸಿ ನೋಡಿದರು, ರಕ್ತ ನೋಡಿದರು, ತಲೆಯ ಚಿತ್ರ ತೆಗೆಸಿದರು. “ಲಕ್ವ ಆಗಿಲ್ಲ. ಥೈರಾಯ್ಡ್ ಸರಿ ಇದೆ. ಜೀವಸತ್ವ ಕಡಿಮೆ ಇಲ್ಲ. ಎಲ್ಲಾ ಅಂಕಿನೂ ಚಲೋ ಇವೆ ಅಕ್ಕಾ, ಮನುಷ್ಯ ಒಬ್ಬರೇ ಕೆಡ್ತಾ ಇದ್ದಾರೆ.” ಅಷ್ಟು ಹೇಳಿ ಅವರು ಯಾರೂ ತೆರೆಯದ ಒಂದು ಪುಟ ತೆರೆದರು. ಗೆರೆ ಎಳೆಯಲು ಯಂತ್ರ ಬಳಸುವ ಕಚ್ಚಾ ಲೆಕ್ಕ ಅಲ್ಲಿ ಇರುತ್ತದೆ. ದಿನಕ್ಕೆ ಎಷ್ಟು ಬೇರೆ ಬೇರೆ ಪದ ಬಾಯಿಂದ ಬಂತು ಎನ್ನುವುದೂ ಒಂದು ಸಾಲು.

ರಾಚವ್ವನ ಪಡಸಾಲೆಯಲ್ಲಿದ್ದಾಗ ಅತ್ತೆ ದಿನಕ್ಕೆ ಸಾವಿರದ ಒಂಬೈನೂರು ಬೇರೆ ಬೇರೆ ಪದ ಆಡುತ್ತಿದ್ದರು. ಈಗ ನೂರಾ ಹತ್ತು. ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಬರೀ ಹೂಂ, ಆತು, ಹೌದು.

“ಸಾವಿರದ ಒಂಬೈನೂರು,” ಎಂದು ಡಾಕ್ಟರ್ ಮತ್ತೊಮ್ಮೆ ಓದಿದರು. “ನಾನೂ ಅಷ್ಟು ಆಡೋದಿಲ್ಲ. ಇವರು ಅಲ್ಲಿ ಏನು ಮಾತಾಡ್ತಿದ್ರು?”

“ಮಾತೇನು ಬಂತು. ಬೈಗುಳ.”

ಹಳೆಯ ಕೆಂಪು ದೀಪಗಳ ತುಣುಕುಗಳು ಯಂತ್ರದಲ್ಲಿ ಉಳಿದಿರುತ್ತವೆ. ಯುಗಾದಿಯಿಂದ ಅತ್ತೆಯದು ನಲವತ್ತೊಂದು ತುಣುಕು ಇದ್ದವು. ಉಳಿದ ಸಲ ದೀಪ ಹತ್ತಿದಾಗ ಬೇರೆಯವರ ಪಾಳಿ ಇತ್ತು, ಅವರು ಗುಳಿಗೆ ನುಂಗಿಸಿ ಎಂದು ಸಂದೇಶ ಕಳಿಸಿ ಬಿಟ್ಟಿದ್ದರು. ಇಬ್ಬರೂ ಕೂತು ಒಂದರ ಹಿಂದೆ ಒಂದು ಕೇಳಿದೆವು. ಹಳಸಿದ ಅಂಬಲಿ. ತೂತುಬಿದ್ದ ಜೋಳಿಗೆ. ಗಂಜಿ ಕಾಣದ ನೂಲು. ‘ನಿಮ್ಮಪ್ಪ ನಿನ್ನ ಕೊಡೂವಾಗ ನಾಲಗಿ ಬ್ಯಾರೆ ತೂಗಿ ಕೊಟ್ಟಾನು.’ ‘ನಿನ್ನ ನೆರಳು ಬಿದ್ರ ಲಾಳಿ ಅರ್ಧಕ್ಕ ಹೊಳ್ಳಿ ಬರತೈತಿ.’ ಡಾಕ್ಟರ್ ಮೊದಲು ನಕ್ಕರು. ಇಪ್ಪತ್ತು ದಾಟಿದ ಮೇಲೆ ನಗು ನಿಲ್ಲಿಸಿ ಕಾಗದದ ಮೇಲೆ ಬರೆಯತೊಡಗಿದರು.

“ಅಕ್ಕಾ, ಒಂದೂ ಎರಡನೇ ಸಲ ಬಂದಿಲ್ಲ.”

“ಏನು?”

“ನಲವತ್ತೊಂದು ತುಣುಕು, ಎಂಬತ್ತೆರಡು ಬೈಗುಳ. ಒಂದನ್ನೂ ತಿರುಗಿ ಬೈದಿಲ್ಲ. ಸಿಟ್ಟು ಬಂದ ಮನುಷ್ಯರು ಹೀಗೆ ಬೈಯೋದಿಲ್ಲ. ಸಿಟ್ಟು ಬಂದವರು ಒಂದನ್ನೇ ಹತ್ತು ಸಲ ಬೈತಾರೆ. ನೀವು ಬೈಯೋದನ್ನ ನಾನು ಕೇಳಿದೀನಲ್ಲ.”

ಆ ಸಂಜೆ ರಾಚವ್ವನ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಅದೇ ಹಾಸು, ಎರಡು ಸಾವಿರದ ಮುನ್ನೂರಕ್ಕೆ ನಿಂತದ್ದು, ಮೇಲೆ ಬಟ್ಟೆ ಹೊದಿಸಿತ್ತು. ಆಕೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಇಳಿದುಹೋಗಿತ್ತು.

“ಬಳ್ಯಾಕ ನಾ ಬರಂಗಿಲ್ಲ ಅಂದಿದ್ಯಲ್ಲ,” ಎಂದಳು. “ನೀ ಯಾಕ ಬಂದಿ?”

ನಾನು ಹೊಸ್ತಿಲ ಬಳಿ ಕೂತೆ. “ತಪ್ಪಾತು ದೊಡ್ಡವ್ವಾ.” ಈ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ. “ಅತ್ತಿಗೆ ಎಣಿಸಾಕ ಬರವಲ್ದು. ನೀವು ಇಲ್ಲಿ ಏನ್ ಮಾಡ್ತಿದ್ರಿ ಹೇಳು.”

ಆಕೆ ಹಾಸಿನ ಮೇಲಿನ ಬಟ್ಟೆ ತೆಗೆದಳು.

“ನೂರು ಎಳಿ ಆದ ಕೂಡ್ಲೆ ಒಬ್ಬಾಕಿ ಬೈಬೇಕು, ಇನ್ನೊಬ್ಬಾಕಿ ಅದಕ್ಕ ಎದುರು ಬೈಬೇಕು. ಅದು ಒಂದು ಕಟ್ಟು. ಮೂವತ್ತಾರು ಕಟ್ಟಿಗೆ ಒಂದು ಹಾಸು. ಎಲ್ಲೆರೆ ಎಳಿ ತಪ್ತು ಅನ್ನು, ಮೊದಲಿಂದ ಎಣಿಸಾಕ ಆಗತೈತೇನು? ಬೈಗುಳ ಹಿಡಕೊಂಡು ಹಿಂದ ಹೋಗೂದು. ‘ಹಳಸಿದ ಅಂಬಲಿ’ ಆದಮ್ಯಾಲ ಹಸಿರು ದಡಿ ಸುರು ಆಗಿತ್ತು, ‘ತೂತ ಜೋಳಿಗಿ’ಗೆ ಮುಗದಿತ್ತು, ಹಂಗ.” ಬೆರಳಿನಿಂದ ಹಾಸಿನ ಅಂಚು ಸವರಿ ತೋರಿಸಿದಳು. “ಬೈದದ್ದು ತಿರಗಿ ಬೈದ್ರ ಲೆಕ್ಕ ಕಲಸತೈತಿ. ಈ ಹಾಸಿನಾಗ ಬೈದದ್ದು ಮುಂದಿನ ಹಾಸಿನಾಗ ನಡ್ಯಾಂಗಿಲ್ಲ. ವರ್ಷ ಆದಮ್ಯಾಲ ನಡೀತೈತಿ. ಬೈದದ್ದನ್ನ ಹೊಳ್ಳಿ ಬೈದಾಕಿ ಎದ್ದು ಚಾ ಮಾಡಬೇಕು.”

“ನಿಮಗ ಇದನ್ನ ಯಾರು ಕಲಿಸಿದ್ರು?”

“ನಮ್ಮತ್ತಿ. ಅವರಿಗೆ ಅವರತ್ತಿ. ನಮಗೇನು ಸಾಲಿ ಇತ್ತೇನು, ಬರದು ಇಡಾಕ?”

“ಮತ್ತ ಅತ್ತಿ ಯಾಕ ಹೇಳಲಿಲ್ಲ ನನಗ?”

“ನೀ ಕೇಳಿದ್ಯೇನು?”

ನಾನು ಹೊಲದ ಊರಿನಿಂದ ಬಂದವಳು, ಏಳನೇ ತರಗತಿ ಮುಗಿಸಿದವಳು. ಮಗ್ಗದ ಮನೆಗೆ ಸೊಸೆಯಾಗಿ ಬಂದೂ ಒಂದು ದಿನ ಆ ಪಡಸಾಲೆಯಲ್ಲಿ ಕೂತಿರಲಿಲ್ಲ. ಯಂತ್ರಕ್ಕೆ ಕೆಚ್ಚುವುದು ಗೊತ್ತಿಲ್ಲ, ಅದಕ್ಕೆ ಬೈಗುಳ ಮಾತ್ರ ಕೇಳಿತು. ಮೂವತ್ತು ವರ್ಷ ಇಲ್ಲೇ ಇದ್ದ ನನಗೂ ಅಷ್ಟೇ ಕೇಳಿತ್ತು.

“ಬಿ.ಪಿ. ಏರೂದು ಖರೇನ,” ಎಂದೆ. ಸೋಲುವುದಕ್ಕೆ ಮನಸ್ಸಿರಲಿಲ್ಲವೋ ಏನೋ.

“ಏರತೈತಿ. ಗೆಲ್ಲಬೇಕಲ್ಲ,” ಎಂದಳು ರಾಚವ್ವ.

ಮರುದಿನ ಡಾಕ್ಟರ್ ಶಿರೀನ್ ಎಲ್ಲ ಕೇಳಿಸಿಕೊಂಡು ಗಂಟೆಗೊಮ್ಮೆಯ ಅಂಕಿ ತೆಗೆದರು. ಬೈಯುವಾಗ ಏರಿದ ಒತ್ತಡ ಕಾಲು ತಾಸಿನಲ್ಲಿ ಇಳಿಯುತ್ತಿತ್ತು. ದೀಪ ಏರಿದ್ದನ್ನು ಹೇಳಿತ್ತು, ಇಳಿದದ್ದನ್ನು ಹೇಳಿರಲಿಲ್ಲ. “ಆದರೆ ಅಕ್ಕಾ, ಸುಮ್ಮನೆ ಕೂತಾಗಲೂ ನೂರಾ ನಲವತ್ತಾರು ಇತ್ತು. ಅದು ಒಳ್ಳೇದಲ್ಲ. ಗುಳಿಗೆ ಎರಡೂ ಹೊತ್ತು ತಪ್ಪಬಾರದು. ಉಪ್ಪಿನಕಾಯಿ ಬೇಡವೇ ಬೇಡ. ಇಷ್ಟು ಮಾಡಿದರೂ ಗೆರೆ ಮೊದಲಿನ ಜಾಗಕ್ಕೆ ಬರುತ್ತೆ ಅಂತ ನಾನು ಹೇಳಲಾರೆ. ಹೋದದ್ದು ಎಷ್ಟು ಹೋಗಿದೆಯೋ.”

“ಬರದಿದ್ರ?”

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

ಅತ್ತೆ ಆಗ ಮನೆ ಬಿಟ್ಟು ಹೊರಗೆ ಬರಲು ಅಂಜುತ್ತಿದ್ದರು. ಬೀದಿಯ ತಿರುವು ತಿಳಿಯುತ್ತಿರಲಿಲ್ಲ. ಆದ್ದರಿಂದ ರಾಚವ್ವನೇ ನಮ್ಮ ಮನೆಗೆ ಬಂದಳು. ಒಂದು ಡಬ್ಬಿಯಲ್ಲಿ ಬೂದಿ, ಚೀಲದಲ್ಲಿ ಹಳೆ ಹಾಸಿನ ತುಂಡು ತಂದಿದ್ದಳು. ಹಾಸಿನ ತುದಿಯನ್ನು ಕಿಟಕಿಯ ಸರಳಿಗೆ ಬಿಗಿದು ಅತ್ತೆಯ ಎದುರು ಕೂತಳು.

“ಏನ ನೀಲೀ. ಸತ್ತಿ ಅಂದ್ಕೊಂಡಿದ್ದೆ. ಯಮನೂ ನಿನ್ನ ಮಾರಿ ನೋಡಿ ಹೊಳ್ಳಿ ಹೋದನೇನು?”

ಅತ್ತೆ ಸೆರಗು ಸರಿಮಾಡಿಕೊಂಡರು. “ಬರ್ರಿ, ಬರ್ರಿ. ಕುಂದರ್ರಿ. ಯಾವೂರ್ರಿ ನಿಮ್ದು?”

ರಾಚವ್ವ ಎಳೆ ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಗಲ್ಲದ ಮೇಲೆ ಬೂದಿ ಮೆತ್ತಿತು. ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಆಕೆ ಸಂಜೆಯವರೆಗೆ ಒಬ್ಬಳೇ ಎಳೆ ಹೆಕ್ಕಿ ಒಬ್ಬಳೇ ಹೊಸೆದು ಎದ್ದುಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದಳು.

ಹಾಗೆ ದಿನವೂ ಬಂದಳು. ದಿನವೂ ಹೊಸದೊಂದು ಬೈದಳು. ಅತ್ತೆ ದಿನವೂ ಮರ್ಯಾದೆಯಿಂದ ಬರಮಾಡಿಕೊಂಡರು. ಐದನೆಯ ದಿನ ಎಳೆ ಕೈಗೆ ಕೊಟ್ಟರೆ ಹಿಡಿದರು. ಏಳನೆಯ ದಿನ ತಾವೇ ಹೆಕ್ಕಿದರು. ಬೆರಳಿಗೆ ಎಲ್ಲ ನೆನಪಿತ್ತು. ಹತ್ತನೆಯ ದಿನ ರಾಚವ್ವ ಒಂದು ಎಳೆ ಸಡಿಲ ಹೊಸೆದಾಗ ಅತ್ತೆ ಅದನ್ನು ಕಿತ್ತು ಮತ್ತೆ ಕೊಟ್ಟರು. ಮಾತಿಲ್ಲ. ನಾನು ರಜೆ ಹಾಕಿ ಮೂಲೆಯಲ್ಲಿ ಕೂತು ಕಾಳು ಹಸನು ಮಾಡುವ ನೆಪದಲ್ಲಿ ನೋಡುತ್ತಿದ್ದೆ. ಗೆರೆ ಐವತ್ತೈದಕ್ಕೆ ಇಳಿದಿತ್ತು.

ಹದಿನಾಲ್ಕನೆಯ ದಿನ ಮತ್ತೊಂದು ನೂರು ಎಳೆ ಮುಗಿಯಿತು. ರಾಚವ್ವನಿಗೂ ದಣಿವಾಗಿತ್ತು. ಅಷ್ಟು ದಿನ ಒಬ್ಬಳೇ ಬೈದು ಬೈದು ಆಕೆಯ ಚೀಲ ಬರಿದಾಗಿತ್ತು ಎಂದು ಕಾಣುತ್ತದೆ.

“ಒಲಿಮ್ಯಾಲಿನ ಬೆಕ್ಕ ನೀನು,” ಎಂದಳು, ಜೀವವಿಲ್ಲದೆ.

ಅತ್ತೆ ಮುಂದಿನ ಎಳೆ ಹೆಕ್ಕುತ್ತಿದ್ದವರು ನಿಂತರು. ಹುಬ್ಬು ಗಂಟಿಕ್ಕಿದರು. ಕಿಟಕಿಯ ಸರಳು ನೋಡಿದರು, ಬೂದಿ ಡಬ್ಬಿ ನೋಡಿದರು, ಕೊನೆಗೆ ರಾಚವ್ವನನ್ನು ನೋಡಿದರು.

“ಅದು ಮೊನ್ನೆ ಬೈದಿ,” ಎಂದರು. “ಎದ್ದು ಚಾ ಮಾಡು.”

ರಾಚವ್ವ ಏಳಲಿಲ್ಲ. ಚಹಾ ನಾನೇ ಮಾಡಿದೆ. ಸಕ್ಕರೆ ಎಷ್ಟು ಹಾಕಿದೆನೋ. ಕುಡಿದು ಅತ್ತೆ ಲೋಟ ಕೆಳಗಿಟ್ಟು, “ಇದೇನು ಚಾನೋ, ಗಾಣದ ಪಾಕೋ?” ಎಂದರು. ನನ್ನ ಮದುವೆಯ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಎರಡು ತಿಂಗಳಲ್ಲಿ ಗೆರೆ ಅರವತ್ತಮೂರಕ್ಕೆ ಬಂದು ನಿಂತಿತು. ಎಪ್ಪತ್ತನಾಲ್ಕಕ್ಕೆ ಹೋಗಲಿಲ್ಲ. ಶೇಖಪ್ಪನ ತಮ್ಮನ ಹೆಸರು ಒಮ್ಮೊಮ್ಮೆ ತಪ್ಪುತ್ತದೆ, ವಾರ ತಿಳಿಯುವುದಿಲ್ಲ, ಬೀದಿ ತಿಳಿಯುತ್ತದೆ. ಹನ್ನೊಂದು ಅಂಕ ನಾನು ತಿಂದದ್ದು. ಅದನ್ನು ಯಾವ ಯಂತ್ರವೂ ಬರೆದಿಲ್ಲ, ನನಗೆ ಗೊತ್ತು. ಡಾಕ್ಟರ್ ಶಿರೀನ್ ಮೇಲಿನವರಿಗೆ ಪತ್ರ ಬರೆದರು, ಈ ಊರಿನ ಹೆಂಗಸರ ಬೈಗುಳವನ್ನು ಕಲಹದ ಪಟ್ಟಿಯಿಂದ ತೆಗೆಯಿರಿ ಎಂದು. ಅಂಥ ಕಲಂ ಇಲ್ಲ ಎಂದು ಉತ್ತರ ಬಂತು. ಕೆಂಪು ದೀಪ ಹತ್ತಿದಾಗಲೆಲ್ಲ ನಾನು ತಡೆ ಒತ್ತುತ್ತೇನೆ. ಕಾರಣದ ಜಾಗದಲ್ಲಿ ‘ಕೆಲಸ ನಡೆದಿದೆ’ ಎಂದು ಬರೆಯುತ್ತೇನೆ.

ಕಾರ್ತಿಕದ ಒಂದು ಬೆಳಿಗ್ಗೆ ಅತ್ತೆ ಎರಡು ಸೀರೆ, ಗುಳಿಗೆ ಡಬ್ಬಿ, ಹೊದೆಯುವ ಕೌದಿ ಗಂಟು ಕಟ್ಟುತ್ತಿದ್ದರು.

“ಎಲ್ಲಿಗೆ?”

“ರಾಚಿ ಮನಿಗೆ.”

“ದಿನಾ ಹೋಗಿ ಬರೂದು ಐತೆಲ್ಲ. ಗಂಟ್ಯಾಕ?”

“ಬರೂದು ಆಗಂಗಿಲ್ಲ. ಸಂಜಿ ಆತಂದ್ರ ತಲಿ ಮಂಜ ಆಗತೈತಿ. ಅಕಿ ಸಂಗಾಟ ಇದ್ರ ಆಗಂಗಿಲ್ಲ.”

“ಅಲ್ಲಿ ಯಾರದಾರ ನೋಡ್ಕೊಳ್ಳಾಕ? ಅಕಿಗೇ ಎಪ್ಪತ್ತೆಂಟು. ನಡು ರಾತ್ರಿ ಏನರ ಆದ್ರ?”

“ಆಗ್ಲಿ.”

“ಆಗ್ಲಿ ಅಂದ್ರ ಹೆಂಗ? ಊರವ್ರು ಏನಂದಾರು? ಸೊಸಿ ಹೊರಗ ಹಾಕಿದ್ಲು ಅಂತಾರ. ನಾ ಏನ್ ಕಡಿಮಿ ಮಾಡೀನಿ ನಿಮಗ? ಹೇಳ್ರಿ, ಏನ್ ಕಡಿಮಿ ಮಾಡೀನಿ?” ನನ್ನ ಧ್ವನಿ ಏರಿತ್ತು. ಏರಿದ್ದು ನನಗೇ ಕೇಳಿತು.

ಅತ್ತೆ ಗಂಟಿನ ಮೇಲೆ ಕೂತು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ.

“ನೀ ಏನೂ ಕಡಿಮಿ ಮಾಡಿಲ್ಲ ಕಮಲೀ. ಸ್ವಂತ ಮಗಳೂ ಇಷ್ಟು ಮಾಡಂಗಿಲ್ಲ. ಆದ್ರ ಅವತ್ತು ಆದಾಗಿಂದ ನೀ ನನ್ನ ಅಂಜಿ ಅಂಜಿ ನೋಡಾಕತ್ತಿ. ನಾ ಹಗಲಿಗೆ ರಾತ್ರಿ ಅಂದ್ರೂ ಹೌದ್ರಿ ಅಂತಿ. ನಿನ್ನ ಗಂಡನೂ ಹೌದು ಅಂತಾನು. ಹಿಂಗ ಎಲ್ಲಾರೂ ಹೌದು ಅಂದ್ರ ನನಗ ಎಲ್ಲಿ ತಪ್ಪಿದೆ ಅಂತ ಹೆಂಗ ತಿಳೀಬೇಕು? ರಾಚಿ ಬಿಡಂಗಿಲ್ಲ. ತಪ್ಪಿದ್ರ ಅಲ್ಲೇ ಹಿಡೀತಾಳು.”

“ನಾನೂ ಹಿಡೀತೀನಿ ಇನ್ನ ಮ್ಯಾಲ.”

“ನಿನಗ ಆಗಂಗಿಲ್ಲ. ನಿನಗ ನನ್ನ ಮ್ಯಾಲ ಮರುಕ ಬಂದೈತಿ.”

ಅವರು ಎದ್ದರು. ಗಂಟು ನಾನು ಹೊರುತ್ತೇನೆ ಅಂದೆ, ಕೊಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಎಡಗಾಲಿನದು ಬಲಗಾಲಿಗೆ ಹಾಕಿ, ತಾವೇ ಗಮನಿಸಿ, ಬದಲಿಸಿಕೊಂಡರು. ನಾನು ಬಾಯಿ ಬಿಡಲಿಲ್ಲ. ಹೇಳಬೇಕಿತ್ತೋ ಬಿಡಬೇಕಿತ್ತೋ ಇವತ್ತಿಗೂ ತಿಳಿದಿಲ್ಲ. ಬೀದಿಗೆ ಇಳಿದು ಎಡಕ್ಕೆ ತಿರುಗಿದರು. ಸರಿಯಾದ ದಾರಿಯೇ. ತಿರುವಿನವರೆಗೆ ನೋಡುತ್ತ ನಿಂತೆ. ಅವರು ಹಿಂದೆ ನೋಡಲಿಲ್ಲ.

ಮಧ್ಯಾಹ್ನ ಶೇಖಪ್ಪ ಊಟಕ್ಕೆ ಬಂದವನು ಖಾಲಿ ಮೂಲೆ ನೋಡಿದ. “ಗುಳಿಗಿ ಒಯ್ದಾಳಿಲ್ಲೋ?” ಎಂದು ಕೇಳಿದ.

“ಒಯ್ದಾರ.”

ಅಂದು ಸಂಜೆಯೂ ಅಭ್ಯಾಸದಂತೆ ಮೂವರಿಗೆ ರೊಟ್ಟಿ ಬಡಿದೆ. ಹೋಗುವಾಗಿನ ಸಿಟ್ಟು ಸಂಜೆಗೆ ಇಳಿಯುತ್ತದೆ, ಆರರ ಹೊತ್ತಿಗೆ ಬೈದುಕೊಳ್ಳುತ್ತ ಬಂದಾರು ಎಂದು ಬಾಗಿಲು ತೆರೆದೇ ಇಟ್ಟಿದ್ದೆ. ಅವರು ಸಿಟ್ಟು ಮಾಡಿಕೊಂಡು ಹೋದದ್ದೇ ಅಲ್ಲವಲ್ಲ, ಇಳಿಯುವುದಕ್ಕೆ. ಆರಾಯಿತು, ಏಳಾಯಿತು. ಅತ್ತೆ ಬರಲಿಲ್ಲ. ಮರುದಿನವೂ ಬರಲಿಲ್ಲ.